ಶೇಕಡಾ 58 ತೋರಿಸುತ್ತಲೇ ನಿಂತುಹೋಗುವ ಸಾಧನ

ಪ್ರಶ್ನೆ: ಇಎಸ್‌ಪಿ32 ಬೋರ್ಡು (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪಿನದು), ಚಪ್ಪಟೆ ಲಿಪೊ (ಲಿಥಿಯಂ ಪಾಲಿಮರ್) ಸೆಲ್ ಸೇರಿಸಿ ತಾಪಮಾನ ದಾಖಲಿಸುವ ಸಾಧನ ಮಾಡಿದ್ದೇನೆ. 3 ವೋಲ್ಟಿಗೆ ಸೊನ್ನೆ, 4.2ಕ್ಕೆ ನೂರು ಎಂದು ಲೆಕ್ಕ ಹಾಕಿ ಬ್ಯಾಟರಿ ಮಟ್ಟ ತೋರಿಸುತ್ತೇನೆ. ಆದರೆ 58 ಎಂದು ತೋರಿಸುತ್ತಿದ್ದ ಸಾಧನ ಸ್ವಲ್ಪ ಹೊತ್ತಿಗೇ ನಿಂತುಬಿಡುತ್ತದೆ. ವೈಫೈ ಹತ್ತಿದಾಗ ಅಂಕಿ ಕುಣಿಯುತ್ತದೆ. ಸೆಲ್ಲಿನ ವೋಲ್ಟೇಜನ್ನು ಅರ್ಧಕ್ಕಿಳಿಸಿ ಅಳೆಯಲೆಂದು 10 ಕೆ (10 ಸಾವಿರ ಓಮ್) ರೆಸಿಸ್ಟರ್ ಎರಡು ಹಾಕಿದ ಮೇಲೆ ಚಾರ್ಜೂ ಬೇಗ ಮುಗಿಯುತ್ತಿದೆ. ಏನು ಮಾಡಲಿ?

ಉತ್ತರ: ನಿಮ್ಮ ಗಣಿತ ಸರಿಯಾಗಿದೆ, ಆದರೆ ಸೆಲ್ ಆ ಗಣಿತ ಕೇಳುವುದಿಲ್ಲ. ಲಿಪೊ 4.2ರಿಂದ ಬೇಗ ಇಳಿದು, 3.8ರ ಆಸುಪಾಸಿನಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಧೊಪ್ಪನೆ ಕುಸಿಯುತ್ತದೆ. ನಿಮ್ಮ 58 ಅಂದರೆ 3.7 ವೋಲ್ಟ್, ಸುಮ್ಮನಿದ್ದಾಗಲೂ ಅಷ್ಟೇ ತೋರಿಸುವ ಲಿಪೊದಲ್ಲಿ ಉಳಿದಿರುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದೆರಡು ಪಾಲು ಮಾತ್ರ. ಅದರ ಮೇಲೆ ವೈಫೈ ನೂರಾರು ಮಿಲಿಆಂಪ್ ಎಳೆದರೆ ವೋಲ್ಟೇಜ್ ಇನ್ನೂ ಬೀಳುತ್ತದೆ. ಬೋರ್ಡಿನಲ್ಲಿರುವುದು ಎಎಂಎಸ್1117 ರೆಗ್ಯುಲೇಟರ್ (ಸೆಲ್ಲಿನ ವೋಲ್ಟೇಜನ್ನು ಚಿಪ್ಪಿಗೆ ಬೇಕಾದ 3.3ಕ್ಕೆ ಇಳಿಸುವ ಭಾಗ) ಆದರೆ ಅದೊಂದೇ ಸುಮಾರು 1 ವೋಲ್ಟ್ ನುಂಗುತ್ತದೆ. ಸಾಧನ ನಿಲ್ಲದೆ ಇನ್ನೇನಾದೀತು! ಮೊದಲು ಆ ರೆಗ್ಯುಲೇಟರ್ ಯಾವುದೆಂದು ನೋಡಿ. ಆಮೇಲೆ ಅಳತೆಯನ್ನು ಸಾಧನ ನಿದ್ದೆಯಿಂದ ಎದ್ದ ತಕ್ಷಣ, ವೈಫೈ ಹಚ್ಚುವ ಮುಂಚೆ, ಪ್ರತಿ ಸಲ ಅದೇ ಹಂತದಲ್ಲಿ ತೆಗೆದುಕೊಳ್ಳಿ.

ರೆಸಿಸ್ಟರ್ ವಿಷಯ. 10 ಕೆ ಎರಡು ಸೇರಿದರೆ 20 ಕೆ; 4.2 ವೋಲ್ಟಿಗೆ 0.21 ಮಿಲಿಆಂಪ್ ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ. ತಿಂಗಳಿಗೆ 150 ಮಿಲಿಆಂಪ್-ಅವರ್ ಅಲ್ಲೇ ಹೋಯಿತು. ಡೀಪ್ ಸ್ಲೀಪಿನಲ್ಲಿ, ಅಂದರೆ ಬಹುತೇಕ ಎಲ್ಲ ಕೆಲಸ ನಿಲ್ಲಿಸಿ ಮಲಗಿರುವಾಗ, ಚಿಪ್ಪಿಗೆ ಬೇಕಿರುವುದು ಸುಮಾರು 10 ಮೈಕ್ರೋಆಂಪ್ ಅಷ್ಟೇ, ನಿಮ್ಮ ಅಳತೆಯ ರೆಸಿಸ್ಟರ್ ಜೋಡಿ ಅದರ ಇಪ್ಪತ್ತು ಪಟ್ಟು ತಿನ್ನುತ್ತಿದೆ. 470 ಕೆ ಎರಡು ಹಾಕಿ, ನಾಲ್ಕೂವರೆ ಮೈಕ್ರೋಆಂಪಿಗೆ ಇಳಿಯುತ್ತದೆ. ಇಷ್ಟು ದೊಡ್ಡ ರೆಸಿಸ್ಟರ್ ಇದ್ದಾಗ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ಪಿನ ಭಾಗ) ಕೊಡುವ ಅಂಕಿ ತೂರಾಡುತ್ತದೆ. ಅಳೆಯುವ ಪಿನ್ನಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ಬೆಸುಗೆ ಹಾಕಿ. ಪಿನ್ 32ರಿಂದ 39ರೊಳಗಿನದಾಗಿರಲಿ. ಚಿಪ್ಪಿನ ಎರಡನೇ ಎಡಿಸಿಯ, ಅಂದರೆ ಎಡಿಸಿ2ರ, ಪಿನ್ನುಗಳು ವೈಫೈ ನಡೆಯುವಾಗ ಕೈಕೊಡುತ್ತವೆ.

ಇನ್ನು ಶೇಕಡಾವಾರು. ಅದನ್ನು ಬಿಟ್ಟುಬಿಡಿ ಎಂದು ನಾನು ಒತ್ತಿ ಹೇಳುತ್ತೇನೆ. ನಿಮಗೆ ತಿಳಿಯಬೇಕಾದ್ದು ‘ಈಗ ಚಾರ್ಜ್ ಮಾಡಬೇಕೇ’ ಎಂಬುದೊಂದೇ, ಅದಕ್ಕೆ ಮೂರು ಹಂತ ಧಾರಾಳವಾಯಿತು: 3.9 ವೋಲ್ಟಿನ ಮೇಲೆ ಹಸಿರು ದೀಪ, 3.7ರ ಕೆಳಗೆ ಕೆಂಪು, ನಡುವೆ ಹಳದಿ. ಒಮ್ಮೆ ಕೆಂಪಾದರೆ 3.8 ದಾಟುವವರೆಗೆ ಹಳದಿಗೆ ಮರಳಲು ಬಿಡಬೇಡಿ, ಇಲ್ಲದಿದ್ದರೆ ಗಡಿಯಲ್ಲಿ ದೀಪ ಬಣ್ಣ ಬದಲಿಸುತ್ತಲೇ ಇರುತ್ತದೆ. ಗುಂಡಿ ಒತ್ತಿದಾಗ ಮಾತ್ರ ಒಂದು ಕ್ಷಣ ಬೆಳಗಿಸಿ. ಸದಾ ಉರಿಯುವ ಎಲ್‌ಇಡಿ ಆ 10 ಕೆ ಜೋಡಿಗಿಂತ ದುಬಾರಿ. 3.4ಕ್ಕೆ ಇಳಿದರೆ ಏನನ್ನೂ ತೋರಿಸದೆ ನಿದ್ದೆಗೆ ಹೋಗುವಂತೆ ಬರೆಯಿರಿ, ಸೆಲ್ ಉಳಿಯುತ್ತದೆ.

ಶೇಕಡಾವಾರು ಬೇಕೇ ಬೇಕೆಂದರೆ ಮ್ಯಾಕ್ಸ್17048ರಂಥ ಫ್ಯೂಯೆಲ್ ಗೇಜ್ (ಉಳಿದ ಚಾರ್ಜ್ ಅಂದಾಜಿಸುವ) ಚಿಪ್ ಹಾಕಿ. ಸೆಲ್ಲಿನ ಸ್ವಭಾವದ ಮಾದರಿ ಅದರೊಳಗೇ ಇದೆ, ಲೆಕ್ಕವನ್ನು ಅದೇ ಮಾಡಿ ಐ2ಸಿ (ಚಿಪ್ಪುಗಳು ಮಾತಾಡಿಕೊಳ್ಳುವ ಎರಡು ತಂತಿಯ ಸಂಪರ್ಕ) ಮೂಲಕ ಕೊಡುತ್ತದೆ.