ಅಳಿವೆಯ ಲೆಕ್ಕ ಮೊದಲು, ಗಾಳಿಯದು ಆಮೇಲೆ

ಪ್ರಶ್ನೆ: ನಮ್ಮದು 26 ಅಡಿಯ ಹಾಯಿದೋಣಿ, ತಳ ನೀರಿನಡಿ 1.2 ಮೀಟರ್ ಇಳಿಯುತ್ತದೆ. 9 ಎಚ್‌ಪಿ ಎಂಜಿನ್ ಇದೆ. ಜನವರಿಯಲ್ಲಿ ಇಬ್ಬರು ಮಕ್ಕಳೊಂದಿಗೆ ಕಾರವಾರದಿಂದ ತದಡಿ, ಅಲ್ಲಿಂದ ಹೊನ್ನಾವರಕ್ಕೆ ಹೋಗುವ ಯೋಚನೆ. ಬೆಳಗ್ಗೆ ಎಷ್ಟು ಹೊತ್ತಿಗೆ ಹೊರಟರೆ ಒಳ್ಳೆಯದು? (ಶಿರಸಿಯ ಓದುಗರು)

ಉತ್ತರ: ಹೊರಡುವ ಹೊತ್ತನ್ನು ಕೊನೆಗೆ ಗೊತ್ತುಮಾಡಿ. ಮೊದಲು ನೋಡಬೇಕಾದದ್ದು ತಲುಪುವ ಅಳಿವೆಯಲ್ಲಿ, ಅಂದರೆ ಹೊಳೆಯ ಬಾಯಿಯಲ್ಲಿ, ಭರತ (ಉಬ್ಬರ) ತುಂಬುವ ಹೊತ್ತು. ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಜಾಗದಲ್ಲಿ ನೀರಿನಡಿ ಮರಳ ದಿಬ್ಬ ಇದೆ. ಭರತ ತುಂಬುವ ಮೊದಲಿನ ಎರಡು ಗಂಟೆಯೊಳಗೆ ಅದನ್ನು ದಾಟಬೇಕು. ಏರುತ್ತಿರುವ ನೀರಿನಲ್ಲಿ ತಳ ಮರಳಿಗೆ ತಾಗಿದರೂ ಸ್ವಲ್ಪ ಹೊತ್ತಿನಲ್ಲಿ ನೀರೇ ಎತ್ತಿಕೊಡುತ್ತದೆ. ಇಳಿತದಲ್ಲಿ ಸಿಕ್ಕಿಕೊಂಡರೆ ಮುಂದಿನ ಭರತದವರೆಗೆ ಅಲ್ಲೇ ಬಡಿಸಿಕೊಳ್ಳಬೇಕು.

ಈಗ ಹಿಂದಕ್ಕೆ ಎಣಿಸಿ. ಕಾರವಾರದ ಬಂದರು ಇರುವ ಬೈತಖೋಲದಿಂದ ತದಡಿ ಅಳಿವೆ ಸುಮಾರು 23 ನಾಟಿಕಲ್ ಮೈಲು, ಅಂದರೆ 43 ಕಿ.ಮೀ. ಗಂಟೆಗೆ 4 ಮೈಲಿನಂತೆ ಆರು ತಾಸು. ಭರತ 12.30ಕ್ಕೆ ತುಂಬುವುದಾದರೆ 11.30ಕ್ಕೆ ಅಳಿವೆಯ ಎದುರಿರಬೇಕು, 5.30ಕ್ಕೆ ಲಂಗರು ಎತ್ತಬೇಕು. ಚಳಿಗಾಲದಲ್ಲಿ ನಸುಕಿನಿಂದ ಒಂಬತ್ತು ಹತ್ತರವರೆಗೆ ಘಟ್ಟದ ಕಡೆಯಿಂದ ಮೂಡುಗಾಳಿ ಬೀಸುತ್ತದೆ. ದಡದ ಕಡೆಯ ಗಾಳಿಯಾದ್ದರಿಂದ ಅಲೆ ಏಳುವುದಿಲ್ಲ, ಮಕ್ಕಳಿಗೆ ಹೊಟ್ಟೆ ತೊಳೆಸುವುದೂ ಕಡಿಮೆ. ನಡುವೆ ಗಾಳಿ ಸತ್ತುಹೋಗುವ ಒಂದೆರಡು ತಾಸು ಎಂಜಿನ್ನಿನ ಪಾಲು. ಮಧ್ಯಾಹ್ನ ವಾಯವ್ಯದಿಂದ ಗಾಳಿ ಎದ್ದು ಅಲೆಯನ್ನೂ ತರುತ್ತದೆ. ಅಷ್ಟರೊಳಗೆ ನೀವು ಒಳಗಿರಬೇಕು.

ಭರತ ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಸರಿಯುತ್ತದೆ. ಇಂದು 12.30 ಆದರೆ ನಾಳೆ ಹೊನ್ನಾವರದಲ್ಲಿ 1.20ರ ಸುಮಾರು. ತದಡಿಯಿಂದ ಅಲ್ಲಿಗೆ 14 ಮೈಲು ಮಾತ್ರ, ಆದರೆ ತಡವಾಗಿ ಹೊರಡೋಣ ಎನ್ನಬೇಡಿ. ತದಡಿಯಿಂದ ಹೊರಬೀಳುವಾಗಲೂ ಅದೇ ದಿಬ್ಬ ದಾಟಬೇಕು. ನಡುಹಗಲಿಗೆ ಭರತ ಇರುವ ದಿನ ಬೆಳಗ್ಗೆ ಆರೇಳಕ್ಕೆ ನೀರು ತಳ ಕಂಡಿರುತ್ತದೆ. ಹಾಗಾಗಿ ಒಂಬತ್ತೂವರೆಗೆ, ನೀರು ಒಂದಷ್ಟು ಏರಿದ ಮೇಲೆ ಹೊರಡಿ. ಸರ್ವೆ ಆಫ್ ಇಂಡಿಯಾದ ಉಬ್ಬರವಿಳಿತ ಪಟ್ಟಿಯನ್ನೂ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನ ಅಲೆ ಮುನ್ಸೂಚನೆಯನ್ನೂ ಹಿಂದಿನ ಸಂಜೆಯೇ ನೋಡಿಟ್ಟುಕೊಳ್ಳಿ.

ಕಾರವಾರದಿಂದ ತೆಂಕಕ್ಕೆ ತಿರುಗುವಾಗ ಅರ್ಗಾ, ಬಿಣಗಾ ಬದಿಯ ನೌಕಾನೆಲೆಗೂ ಅಂಜುದೀವ್ ದ್ವೀಪಕ್ಕೂ ಹತ್ತಿರ ಸುಳಿಯಬೇಡಿ. ಫೋಟೋದ ಆಸೆಯನ್ನೂ ಬಿಡಿ. ಹೊರಡುವ ಮುನ್ನ ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ದೋಣಿಯ ಹೆಸರು, ಒಳಗಿರುವವರ ಪಟ್ಟಿ, ತಂಗುವ ಊರು ಬರೆದುಕೊಡಿ.

ಪ್ರಶ್ನೆ: ಹೊರಗಿನಿಂದ ನೋಡಿದರೆ ಅಳಿವೆ ಶಾಂತವಾಗಿಯೇ ಕಾಣುತ್ತದೆ. ಆದರೂ ದೋಣಿ ಮಗುಚುವುದು ಯಾಕೆ? (ಕುಮಟಾದ ಓದುಗರು)

ಉತ್ತರ: ಸಮುದ್ರದ ಕಡೆಯಿಂದ ಕಾಣುವುದು ಅಲೆಯ ಬೆನ್ನು. ಒಡೆಯುವ ಮುಖ, ನೊರೆ ಎಲ್ಲ ದಡದ ಕಡೆಗಿರುತ್ತವೆ. ಅದಕ್ಕೇ ಮೋಸ. ಇಳಿತದಲ್ಲಿ ಹೊರಗೆ ಹರಿಯುವ ಹೊಳೆಯ ಸೆಳೆತ ಒಳಬರುವ ಅಲೆಗೆ ಎದುರಾದಾಗ ಅಲೆಯ ಉದ್ದ ಕುಗ್ಗಿ, ಅದು ಕಡಿದಾಗಿ, ನಿಂತಲ್ಲೇ ಮುರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಸೆಳೆತ ಇನ್ನೂ ಜೋರು. 1.2 ಮೀಟರ್ ತಳದ ದೋಣಿಗೆ 2 ಮೀಟರ್ ನೀರು ಸಾಕೆಂದು ಲೆಕ್ಕ ಹಾಕಬೇಡಿ. ಒಂದು ಮೀಟರಿನ ಅಲೆ ಇದ್ದರೆ ಅದರ ತಗ್ಗಿನಲ್ಲಿ ಅರ್ಧ ಮೀಟರ್ ಹೋಯಿತು, ದೋಣಿಯ ಮೂತಿಯೋ ಹಿಂಭಾಗವೋ ತಗ್ಗಿದರೆ ಇನ್ನಷ್ಟು. ಚುಕ್ಕಾಣಿ ಮರಳಿಗೆ ಬಡಿದ ಕ್ಷಣ ದೋಣಿ ಅಡ್ಡ ತಿರುಗುತ್ತದೆ, ಹಿಂದಿನ ಅಲೆ ಪಕ್ಕಕ್ಕೆ ಹೊಡೆದು ಮಗುಚುತ್ತದೆ.

ಹೊರಗೆ ಹತ್ತು ನಿಮಿಷ ನಿಂತು ನೋಡಿ. ಐದಾರು ದೊಡ್ಡ ಅಲೆ ಸಾಲಾಗಿ ಬಂದ ಮೇಲೆ ಸ್ವಲ್ಪ ಹೊತ್ತು ಸಣ್ಣವು ಬರುತ್ತವೆ, ಆಗ ನುಗ್ಗಬೇಕು. ಸ್ಥಳೀಯ ಬೋಟಿನ ಹಿಂದೆ ಹೋಗುವುದು ಒಳ್ಳೆಯದೇ. ಆದರೆ ಪಾತಿ ಎಂಬ ಚಿಕ್ಕ ದೋಣಿಯ ಬೆನ್ನು ಹತ್ತಬೇಡಿ, ಅದಕ್ಕೆ ಮೊಣಕಾಲುದ್ದ ನೀರು ಸಾಕು. ಬಲೆ ಎಳೆಯುವ ಟ್ರಾಲ್ ಬೋಟಿಗೆ ನಿಮಗಿಂತ ಹೆಚ್ಚು ನೀರು ಬೇಕು, ಅದು ಹೋದ ದಾರಿಯಲ್ಲಿ ನೀವೂ ಹೋಗಬಹುದು. ಕಳೆದ ವರ್ಷದ ಜಿಪಿಎಸ್ ಗೆರೆಯನ್ನು ನಂಬಬೇಡಿ, ಪ್ರತಿ ಮಳೆಗಾಲವೂ ಮರಳನ್ನು ಕದಲಿಸುತ್ತದೆ. ಹಾಯಿ ಮೇಲಿದ್ದರೂ ಎಂಜಿನ್ ಓಡುತ್ತಿರಲಿ, ಒಳಗಿನ ಬಾಗಿಲು ಮುಚ್ಚಿರಲಿ, ಲಂಗರು ಕೈಗೆ ಸಿಗುವಂತಿರಲಿ. ಮಕ್ಕಳ ಲೈಫ್ ಜಾಕೆಟ್ಟಿಗೆ ತೊಡೆಯ ಸಂದಿನ ಪಟ್ಟಿ ಕಟ್ಟಿರಲಿ, ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲಕ್ಕೆ ಜಾರಿ ಮುಖ ಮುಚ್ಚುತ್ತದೆ. ದಿಬ್ಬದ ನಡುವೆ ಮನಸ್ಸು ಬದಲಿಸಿ ಹಿಂದಿರುಗಿದರೆ ಅಲೆಗೆ ಪಕ್ಕ ಕೊಟ್ಟಂತೆ. ಅನುಮಾನ ಬಂದರೆ ಹೊರಗಿರುವಾಗಲೇ ಬರಬೇಕು.

ಪ್ರಶ್ನೆ: ಮೀನುಗಾರಿಕೆ ಧಕ್ಕೆಗೆ ಕಟ್ಟಿ ರಾತ್ರಿ ಮಲಗಬಹುದೇ? (ಅಂಕೋಲಾದ ಓದುಗರು)

ಉತ್ತರ: ಕಟ್ಟಲು ಬಿಟ್ಟರೂ ನಿದ್ದೆ ಬರದು. ಬೋಟುಗಳು ಒಂದರ ಪಕ್ಕ ಒಂದು ನಾಲ್ಕೈದು ಸಾಲು ನಿಲ್ಲುತ್ತವೆ. ನಸುಕಿಗೆ ಮಂಜುಗಡ್ಡೆ, ಬುಟ್ಟಿ, ಹರಾಜು ಶುರುವಾಗುತ್ತದೆ. ಒಳಸಾಲಿನಲ್ಲಿದ್ದರೆ ಹೊರಗಿನವರು ಹೊರಡುವವರೆಗೆ ನೀವೂ ಬಂದಿ. ಮಧ್ಯಾಹ್ನ ತಾಂಡೇಲರನ್ನು (ಬೋಟು ನಡೆಸುವವರನ್ನು) ಕೇಳಿ ಒಂದು ತಾಸು ಕಟ್ಟಿ, ನೀರು, ತರಕಾರಿ, ಬಂಗಡೆ ತಂದುಕೊಂಡು ಹೊಳೆಯಲ್ಲಿ ಬೋಟುಗಳ ದಾರಿ ಬಿಟ್ಟು ಲಂಗರು ಹಾಕಿ. ಧಕ್ಕೆಯ ಬಂಕಿನ ಕರರಹಿತ ಡೀಸೆಲ್ ನೋಂದಾಯಿತ ಮೀನುಗಾರಿಕಾ ಬೋಟುಗಳಿಗೆ. ನೀವು ರಸ್ತೆಬದಿಯ ಬಂಕಿನಿಂದ ಕ್ಯಾನಿನಲ್ಲಿ ತನ್ನಿ, ಜಾಲರಿ ಇರುವ ಆಲಿಕೆಯಲ್ಲಿ ಸೋಸಿ ತುಂಬಿ.

ಲಂಗರಿನ ಹಗ್ಗಕ್ಕೆ ಈಗಿನ ಆಳವನ್ನಷ್ಟೇ ಲೆಕ್ಕ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಇಳಿತದಲ್ಲಿ 3 ಮೀಟರ್, ಭರತಕ್ಕೆ ಏರುವುದು 2, ಮೂತಿಯ ಎತ್ತರ 1: ಒಟ್ಟು 6. ಅದರ ಐದು ಪಟ್ಟು, 30 ಮೀಟರ್ ಬಿಡಿ, ಗಾಳಿ ಇದ್ದರೆ ಏಳು ಪಟ್ಟು. ಲಂಗರಿನ ತುದಿಗೆ ಐದಾರು ಮೀಟರ್ ಸರಪಳಿ ಇರಲಿ. ಹೊಳೆಯಲ್ಲಿ ಆರು ತಾಸಿಗೊಮ್ಮೆ ಸೆಳೆತ ತಿರುಗಿ ದೋಣಿಯೂ ತಿರುಗುವುದರಿಂದ ಸುತ್ತಲೂ ಜಾಗ ಬೇಕು. ಸೇತುವೆಯ ಮೇಲ್ಬದಿಗೆ ಹೋಗುವ ಯೋಚನೆ ಬೇಡ. ಹಾಯಿಕಂಬ ಸೇತುವೆಗೆ ಬಡಿಯುವುದೊಂದು, ಸೆಳೆತ ಸೇತುವೆಯ ಕಂಬಗಳ ನಡುವೆ ಇನ್ನೂ ಜೋರು ಎನ್ನುವುದೊಂದು. ಮುರ್ಡೇಶ್ವರದ ಕೊಲ್ಲಿ ಹಗಲಿಗೆ ಚೆಂದ, ರಾತ್ರಿ ತಂಗಲು ಅಲ್ಲ. ತೆರೆದ ಕಡಲಿನ ಅಲೆ ನೇರ ಬರುತ್ತದೆ.

ಪ್ರಶ್ನೆ: ಹಾಯಿದೋಣಿಗೆ ಎಲ್ಲರೂ ದಾರಿ ಬಿಡಬೇಕಲ್ಲವೇ? (ಕಾರವಾರದ ಓದುಗರು)

ಉತ್ತರ: ಇಲ್ಲ. ಬಲೆ ಹಾಕಿ ಮೀನು ಹಿಡಿಯುತ್ತಿರುವ ಬೋಟಿಗೆ ಹಾಯಿದೋಣಿಯೇ ದಾರಿ ಬಿಡಬೇಕು, ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ರಾತ್ರಿ ಬಿಳಿ ದೀಪದ ಮೇಲೆ ಹಸಿರು ಇದ್ದರೆ ಟ್ರಾಲ್ ಎಳೆಯುತ್ತಿದ್ದಾರೆ, ಬಿಳಿಯ ಮೇಲೆ ಕೆಂಪು ಇದ್ದರೆ ಬೇರೆ ಬಲೆ. ಹಗಲಲ್ಲಿ ಬಾವುಟ ಕಟ್ಟಿದ ತೇಲುಗಳ ಸಾಲು ಕಂಡರೆ ಬೋಟು ಮತ್ತು ಬಾವುಟದ ನಡುವೆ ನುಗ್ಗಬೇಡಿ. ಪ್ರೊಪೆಲ್ಲರಿಗೆ ಬಲೆ ಸುತ್ತಿದರೆ ತಕ್ಷಣ ಎಂಜಿನ್ ಆರಿಸಿ. ರಿವರ್ಸ್ ಹಾಕಿದರೆ ಗಂಟು ಬಿಗಿಯಬಹುದು. ಹಾಯಿ ಇಳಿಸಿ, ಬಲೆಯವರನ್ನು ಕೂಗಿ ಕರೆಯಿರಿ. ಕೇಳದೆ ಬಲೆಗೆ ಚಾಕು ಹಾಕಿದರೆ ಆ ಊರಿನ ಧಕ್ಕೆಯಲ್ಲಿ ನಿಮಗೆ ಜಾಗ ಸಿಗದು, ಅದು ನ್ಯಾಯವೂ ಹೌದು.

ಪ್ರಶ್ನೆ: ನಾಲ್ವರಿಗೆ ಮೂರು ದಿನಕ್ಕೆ ನೀರು ಎಷ್ಟು? ತುರ್ತಿಗೆ ಯಾರನ್ನು ಕರೆಯಬೇಕು? (ಭಟ್ಕಳದ ಓದುಗರು)

ಉತ್ತರ: ತಲೆಗೆ ದಿನಕ್ಕೆ 4 ಲೀಟರಿನಂತೆ 48 ಲೀಟರ್, ಒಂದು ದಿನದ್ದು ಹೆಚ್ಚಿಗೆ ಸೇರಿಸಿ 64. ಒಂದೇ ಡ್ರಮ್ಮಿನಲ್ಲಿ ಬೇಡ, ಸೋರಿದರೆ ಎಲ್ಲವೂ ಹೋಯಿತು. ಹತ್ತು ಲೀಟರಿನ ಕ್ಯಾನುಗಳಲ್ಲಿರಲಿ. ತುರ್ತಿಗೆ ದೋಣಿಯ ವಿಎಚ್‌ಎಫ್ ರೇಡಿಯೊದಲ್ಲಿ ಚಾನೆಲ್ 16. ಮೊಬೈಲ್ ಸಿಕ್ಕರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.