ಹೂವಿನ ಫೋಟೋಗೆ ಕ್ಯಾಮೆರಾ ತಗೊಳ್ಳಲೋ, ಮೊಬೈಲ್ ಸಾಕೋ?

ಮನೆ ಮುಂದೆ 40 ಕುಂಡ ಇದೆ, ಹೂವಿನ ಫೋಟೋ ಚೆನ್ನಾಗಿ ಬರಬೇಕು, 50 ಸಾವಿರ ಕೊಟ್ಟು ಕ್ಯಾಮೆರಾ ಮತ್ತು ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) ತಗೊಳ್ಳಲೋ, ಮೊಬೈಲಲ್ಲೇ ಸುಧಾರಿಸಲೋ ಅಂತ ಕೇಳಿದ್ದೀರಿ. 2017ರಲ್ಲಿ ನನ್ನ ತಲೆಯಲ್ಲೂ ಇದೇ ಹುಳ ಇತ್ತು. ನಾನು ಯಾರನ್ನೂ ಕೇಳಲಿಲ್ಲ. ತಗೊಂಡೇಬಿಟ್ಟೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟದ ಮನೆ. ಮಳೆಗಾಲ ಬಂತೆಂದರೆ ನಮ್ಮ ಕಡೆ ಹೆಂಗಸರಿಗೆ ಡೇರೆ ಕಾಲ. ಪೇಟೆಯವರು ಡೇಲಿಯಾ ಅನ್ನುತ್ತಾರಲ್ಲ, ಅದೇ. ಅದರ ತವರು ದೂರದ ಮೆಕ್ಸಿಕೊ, ಅಲ್ಲಿ 1963ರಿಂದ ಅದೇ ರಾಷ್ಟ್ರೀಯ ಹೂವು. ಆದರೆ ನಮ್ಮ ಅತ್ತೆಗೆ ಅದನ್ನು ಹೇಳಿದರೆ ನಂಬುವುದಿಲ್ಲ. ಅವರ ಲೆಕ್ಕದಲ್ಲಿ ಡೇರೆ ಹುಟ್ಟಿದ್ದೇ ಘಟ್ಟದ ಮೇಲೆ. ಮೇ ತಿಂಗಳಲ್ಲಿ ಎರಡು ಮಳೆ ಬಿದ್ದ ಮೇಲೆ ಗೆಡ್ಡೆ ನೆಟ್ಟರೆ ಶ್ರಾವಣದಿಂದ ಚೌತಿ ದಾಟುವವರೆಗೂ ಹೂವೋ ಹೂವು. ನೆಂಟರ ಮನೆಗೆ ಹೋದರೆ ಒಂದು ಗೆಡ್ಡೆ ಕೊಟ್ಟು ಒಂದು ತರುವುದು ಪದ್ಧತಿ. ಆಗ ಅತ್ತೆ ಹತ್ತಿರ 34 ಬಗೆ ಇತ್ತು. ಹೆಸರೂ ಹಾಗೇ: ಸಾಗರದ ಹಳದಿ, ಸಿದ್ದಾಪುರದ ಅತ್ತಿಗೆ ಬಿಳಿ, ಬಸ್‌ಸ್ಟ್ಯಾಂಡಲ್ಲಿ ಸಿಕ್ಕವಳು ಕೊಟ್ಟ ನೇರಳೆ.

ಕ್ಯಾಮೆರಾ ಬಂದ ಮೊದಲ ಮಳೆಗಾಲ ನಾನು ನೆಲದ ಮೇಲೆ ಇರಲಿಲ್ಲ, ನಿಜ ಹೇಳುತ್ತೇನೆ. ಬೆಳಿಗ್ಗೆ ಚಾ ಲೋಟ ಹಿಡಿದು ಅಂಗಳಕ್ಕೆ ಹೋದರೆ ಚಾ ಆರಿ ತಣ್ಣಗಾದರೂ ಒಳಗೆ ಬರುತ್ತಿರಲಿಲ್ಲ. ನಿನ್ನೆ ಬಟಾಣಿ ಗಾತ್ರ ಇದ್ದ ಮೊಗ್ಗು ಇವತ್ತು ನಿಂಬೆಕಾಯಿ ಆಗಿದೆ, ಇನ್ನೊಂದು ತುದಿ ಒಡೆದು ಬಣ್ಣ ತೋರಿಸುತ್ತಿದೆ. ರಾತ್ರಿ ಬ್ಯಾಟರಿ ಹಿಡಿದು ಬಸವನಹುಳು ಹೆಕ್ಕುವುದು ಕೂಡ ಒಂಥರಾ ಖುಷಿಯೇ. ಬೇಸರ ಆಗುತ್ತಿದ್ದದ್ದು ದಾಸವಾಳದ ವಿಷಯದಲ್ಲಿ ಮಾತ್ರ. ಸ್ವಲ್ಪ ಬೆಳಕು ಬರಲಿ, ಫೋಟೋ ತೆಗೆಯೋಣ ಅಂತ ನಾನು ಕಾಯುತ್ತಿರುವಾಗಲೇ ಮಾವ ಹೂಬುಟ್ಟಿ ಹಿಡಿದು ಬಂದು ಪೂಜೆಗೆ ಅಂತ ಎಲ್ಲವನ್ನೂ ಕೊಯ್ದುಬಿಡುತ್ತಿದ್ದರು. ದೇವರ ಜೊತೆ ಜಗಳ ಆಡೋಕಾಗುತ್ತಾ?

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಡೇರೆ ಗೆಡ್ಡೆ ನೋಡಿದರೆ ಯಾವ ಬಣ್ಣದ್ದು ಅಂತ ಗೊತ್ತಾಗುವುದಿಲ್ಲ. ಹಳದಿಯದೂ ಅದೇ ಗೆಣಸಿನಂಥ ಗೆಡ್ಡೆ, ಕೆಂಪಿನದೂ ಅದೇ. ಅದಕ್ಕೇ ಅತ್ತೆ ಒಂದು ಉಪಾಯ ಮಾಡಿದ್ದರು. ಹೂವು ಬಿಟ್ಟ ಕೂಡಲೇ ಅದೇ ಬಣ್ಣದ ಬಟ್ಟೆ ಚೂರನ್ನು ಗಿಡದ ಬುಡಕ್ಕೆ ಕಟ್ಟುವುದು. ಹಳೇ ರವಿಕೆ, ಮಕ್ಕಳ ಲಂಗ, ಹರಿದ ಸೀರೆಯ ಅಂಚು, ಏನಾದರೂ ಸರಿ. ಎರಡು ಬಣ್ಣದ ಹೂವಾದರೆ ಎರಡು ಚೂರು. ಗಿಡ ಒಣಗಿದ ಮೇಲೆ ಆ ಚೂರು ಗೆಡ್ಡೆಯ ಜೊತೆಗೇ ಉಗ್ರಾಣಕ್ಕೆ ಹೋಗುತ್ತಿತ್ತು. ಇಪ್ಪತ್ತು ವರ್ಷ ಹೀಗೇ ನಡೆದಿತ್ತು.

ನನಗೆ ಆ ಚಿಂದಿ ಬಟ್ಟೆಗಳು ಫೋಟೋದಲ್ಲಿ ಕಾಣುವುದು ಸಹಿಸಲಾಗಲಿಲ್ಲ. ಚಂದದ ಹೂವಿನ ಕೆಳಗೆ ಹರಿದ ರವಿಕೆ! ಬಿಚ್ಚಿದೆ. ಒಂದೇ ದಿನ ಅಲ್ಲ, ಯಾವ ಗಿಡದ ಫೋಟೋ ತೆಗೆಯುತ್ತೇನೋ ಅದರದ್ದು ಬಿಚ್ಚುವುದು, ಜೇಬಿಗೆ ಹಾಕುವುದು, ಆಮೇಲೆ ಕಟ್ಟೋಣ ಅಂದುಕೊಳ್ಳುವುದು. ಮಳೆ ಜೋರಾಯಿತು ಅಂತ ಒಳಗೆ ಓಡುವುದು. ಕೊನೆಗೆ ಬಟ್ಟೆ ಒಗೆಯುವಾಗ ಜೇಬಿನಿಂದ ಒಂದು ಹಿಡಿ ಚೂರು ಬಂತು. ಅಷ್ಟರಲ್ಲಿ ಅರ್ಧ ಗಿಡದ ಹೂವು ಮುಗಿದಿತ್ತು. ಅತ್ತೆಗೆ ಹೇಳಲಿಲ್ಲ. ಫೋಟೋ ಇದೆಯಲ್ಲ, ನೋಡಿ ಗುರುತು ಹಿಡಿದರಾಯಿತು ಅಂದುಕೊಂಡೆ.

600ಕ್ಕಿಂತ ಜಾಸ್ತಿ ಫೋಟೋ ಇತ್ತು. ಒಂದರಲ್ಲೂ ಕುಂಡ ಇಲ್ಲ. ಮ್ಯಾಕ್ರೋ ಲೆನ್ಸಿನ ಗುಣವೇ ಅದು: ಹತ್ತಿರ ಹೋದಷ್ಟೂ ಒಂದು ಎಸಳು ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಮಂಜು. ಆ ಮಂಜೇ ಚಂದ ಅಂತ ನಾನು ಹಿಗ್ಗಿದ್ದೆ. ಎಲೆ ಹೇಗಿತ್ತು, ಗಿಡ ಎಷ್ಟೆತ್ತರ, ಬಿರುಕು ಬಿಟ್ಟ ಕುಂಡವೋ ಗೊಬ್ಬರದ ಚೀಲವೋ, ಯಾವುದೂ ಗೊತ್ತಾಗುವಂತಿರಲಿಲ್ಲ. ಕುಂಡದ ಅಂಚು ಬೆರಳಷ್ಟು ಕಂಡಿದ್ದರೂ ಸಾಕಿತ್ತು.

ಮರುವರ್ಷ ಮೇ ತಿಂಗಳಲ್ಲಿ ನೆಂಟರು ಬಂದರು. ಅತ್ತೆ ಮೊಣಕಾಲು ನೋವಲ್ಲಿ ಮಲಗಿದ್ದರು. ನಾನೇ ಧಾರಾಳವಾಗಿ ಎಂಟು ಗೆಡ್ಡೆ ಹಂಚಿದೆ. ಎಲ್ಲದರದ್ದೂ ಇನ್ನೊಂದು ಇದ್ದೇ ಇರುತ್ತದೆ ಅನ್ನುವ ಧೈರ್ಯ. ಆ ಮಳೆಗಾಲ ನಮ್ಮ ಅಂಗಳದಲ್ಲಿ 31 ಬಗೆ ಅರಳಿತು. ಮೂರು ಇಲ್ಲ. ಎರಡು ಆಮೇಲೆ ನೆಂಟರ ಮನೆಯಲ್ಲಿ ಪತ್ತೆಯಾದವು, ವಾಪಸ್ ತಂದೆವು. ಮೂರನೆಯದು ಅತ್ತೆ ಮದುವೆಯಾಗಿ ಬರುವಾಗ ತವರಿನಿಂದ ತಂದ ಕಡುಗೆಂಪು. ಅದನ್ನು ಒಯ್ದವರು ತೋಟದ ಬದುವಿನಲ್ಲಿ ನೆಟ್ಟಿದ್ದರಂತೆ. ಜುಲೈ ಮಳೆಗೆ ನೀರು ನಿಂತು ಗೆಡ್ಡೆ ಕೊಳೆತುಹೋಗಿತ್ತು. ಬೀಜದಿಂದ ಮಾಡೋಣ ಅಂದರೆ ಡೇರೆ ಬೀಜಕ್ಕೆ ತಾಯಿಯ ಬಣ್ಣವೇ ಬರುತ್ತದೆ ಅಂತ ಇಲ್ಲ. ಅದೇ ಹೂವು ಬೇಕೆಂದರೆ ಅದೇ ಗೆಡ್ಡೆ ಅಥವಾ ಅದರದ್ದೇ ಕುಡಿ ಬೇಕು. ಅತ್ತೆಯ ತವರಿನಲ್ಲಿ ಈಗ ಯಾರೂ ಇಲ್ಲ, ಮನೆಗೆ ಬೀಗ.

ಬೈಯುತ್ತಾರೆ ಅಂತ ಹೆದರಿದ್ದೆ. ಬೈಯಲಿಲ್ಲ. "ಹೋಗ್ಲಿ ಬಿಡೇ, ಫೋಟೋ ಆದ್ರೂ ಇದ್ದಲ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಲೆನ್ಸಿನ ಕಥೆಯನ್ನೂ ಮುಗಿಸುತ್ತೇನೆ. ಎರಡನೇ ಮಳೆಗಾಲಕ್ಕೆ ಅದರೊಳಗೆ ಬೂಷ್ಟು ಹಿಡಿಯಿತು, ಜೇಡರ ಬಲೆಯಂತೆ. ನಮ್ಮ ಕಡೆಯ ತೇವಕ್ಕೆ ಹಪ್ಪಳವೇ ಗರಿಗರಿಯಾಗಿ ಉಳಿಯುವುದಿಲ್ಲ, ಇನ್ನು ಲೆನ್ಸ್ ಉಳಿಯುತ್ತಾ? ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಬೇಕಂತೆ. ನನಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು. ಈಗ ಮೊಬೈಲೇ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಕ್ಯಾಮೆರಾ, ಲೆನ್ಸ್ ಎರಡೂ ಬೇಡ. ಹೊಸ ಮೊಬೈಲೂ ಬೇಡ, ಈಗ ಇರುವುದೇ ಸಾಕು. ಕ್ಯಾಮೆರಾದಿಂದ ಹೂವಿನ ಫೋಟೋ ಚೆನ್ನಾಗಿ ಬರುತ್ತದೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಮೋಡ ಕವಿದ ದಿನ ಕುಕ್ಕುರುಗಾಲಲ್ಲಿ ಕೂತು ಹೂವಿನ ಸಮಕ್ಕೆ ಮೊಬೈಲ್ ಹಿಡಿಯಿರಿ, ಮಧ್ಯಾಹ್ನದ ಬಿಸಿಲಲ್ಲಿ ಎಷ್ಟು ದುಡ್ಡಿನ ಕ್ಯಾಮೆರಾದಲ್ಲೂ ಬಾರದ ಬಣ್ಣ ಬರುತ್ತದೆ. ಕೆಂಪು ಹೂವು ಮಾತ್ರ ಮೋಸ ಮಾಡುತ್ತದೆ. ಎಸಳೆಲ್ಲ ಒಂದೇ ಮುದ್ದೆಯಾಗಿ ಕಾಣುತ್ತದೆ. ಪರದೆ ಮುಟ್ಟಿ ಬೆಳಕನ್ನು ಸ್ವಲ್ಪ ಇಳಿಸಿ ತೆಗೆಯಿರಿ, ಗೆರೆಗಳು ಬಿಡಿಸಿ ಕಾಣುತ್ತವೆ. ಇಬ್ಬನಿ ಇದೆ ಅಂತ ತೋರಿಸಲು ನೀರು ಚಿಮುಕಿಸುವ ನಾಟಕ ಬೇಡ. ಫೋಟೋಗೋಸ್ಕರ ಕುಂಡ ಎಳೆದಾಡಬೇಡಿ, ಗಿಡಕ್ಕೆ ಕಟ್ಟಿದ್ದನ್ನಂತೂ ಬಿಚ್ಚಲೇಬೇಡಿ. ಒಂದು ಫೋಟೋ ನಿಮ್ಮ ಖುಷಿಗೆ ತೆಗೆಯಿರಿ. ಇನ್ನೊಂದು ಎರಡು ಹೆಜ್ಜೆ ಹಿಂದೆ ಬಂದು ಗಿಡ, ಕುಂಡ, ಚೀಟಿ ಎಲ್ಲ ಕಾಣುವ ಹಾಗೆ. ನಾನೀಗ ತೆಗೆಯುವುದೆಲ್ಲ ಹೀಗೇ. ಪ್ರತಿ ಫೋಟೋದಲ್ಲೂ ಹರಿದ ರವಿಕೆ ಇದೆ. ಹಿಂದೆ ಯಾರದೋ ಚಪ್ಪಲಿ, ಮಾವನ ಹೂಬುಟ್ಟಿಯೂ ಬಂದುಬಿಡುತ್ತವೆ. ಆ 50 ಸಾವಿರದಲ್ಲಿ ಗೊಬ್ಬರ, ಮರಳು, ಮಳೆ ತಡೆಯಲು ಒಂದು ತಗಡಿನ ಮಾಡು ಮಾಡಿಸಿದರೂ ದುಡ್ಡು ಮಿಗುತ್ತದೆ.

ಅಂದಹಾಗೆ, ಗೆಡ್ಡೆ ಬೇರ್ಪಡಿಸುವಾಗ ಹಳೇ ಕಾಂಡ ಸೇರುವ ಕುತ್ತಿಗೆ ಹತ್ತಿರ ಚಿಗುರೊಡೆಯುವ ಕಣ್ಣು ಇದೆಯಾ ನೋಡಿ. ಕಣ್ಣು ಬರುವುದು ಅಲ್ಲಿ ಮಾತ್ರ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟೇ ದಪ್ಪ ಇದ್ದರೂ ಚಿಗುರುವುದಿಲ್ಲ. ಇದು ನೀವು ಕೇಳಿದ್ದಲ್ಲ, ಆದರೂ ಹೇಳಿದೆ.

ಇನ್ನೊಂದು. ಅಂಗೈ ಅಗಲದ ಕಡುಗೆಂಪು ಡೇರೆ, ಪ್ರತಿ ಎಸಳಿನ ತುದಿಗೂ ಸುಣ್ಣ ಮುಟ್ಟಿಸಿದ ಹಾಗೆ ಬಿಳಿ. ನಿಮ್ಮ ಊರಲ್ಲಿ ಯಾರ ಅಂಗಳದಲ್ಲಾದರೂ ಕಂಡರೆ ಇಲ್ಲಿ ಒಂದು ಸಾಲು ಬರೆಯಿರಿ. ಒಂದು ಗೆಡ್ಡೆಗೆ ನಮ್ಮಲ್ಲಿರುವುದರಲ್ಲಿ ನೀವು ಕೇಳಿದ ಮೂರು ಕೊಡುತ್ತೇವೆ. ಸಾಗರದ ಹಳದಿಯನ್ನೂ ಕೊಡುತ್ತಾರಂತೆ ಅತ್ತೆ.