ಒಳ್ಳೆ ಫೆಲ್ಟ್ ಫೆಡೋರಾ ಹೇಗೆ ಆರಿಸೋದು, ನಮ್ಮಂಥೋರ ಮುಖಕ್ಕೆ ಒಪ್ಪುತ್ತಾ?

ನೀವು ಮೆಲ್ಬರ್ನ್‌ಗೆ ಬಂದು ಎಂಟು ತಿಂಗಳಾಯ್ತು, ಚಳಿಗಾಲಕ್ಕೆ ಒಂದು ಒಳ್ಳೆ ಫೆಡೋರಾ (ನೆತ್ತಿ ಮಡಿಚಿ ಮುಂದೆ ಚಿವುಟಿದ, ಸುತ್ತ ಅಂಚಿರೋ ಹ್ಯಾಟು) ತಗೋಬೇಕು, ಆನ್‌ಲೈನಲ್ಲಿ 40 ಡಾಲರ್‌ಗೂ ಸಿಗ್ತಿದೆ ಅಂಗಡೀಲಿ 200 ಡಾಲರ್ ಮೇಲೂ ಇದೆ, ಏನ್ ವ್ಯತ್ಯಾಸ, ನನ್ನ ದುಂಡು ಮುಖಕ್ಕೆ ಒಪ್ಪುತ್ತಾ, ಹಾಕೋ ರೀತಿ ಏನಾದ್ರೂ ಇದ್ಯಾ ಅಂತ ಕೇಳಿದ್ದೀರ. ನಾನು ಇದೇ ಊರಲ್ಲಿ ಹನ್ನೊಂದು ವರ್ಷದಿಂದ ಹ್ಯಾಟ್ ಹಾಕ್ತಿದ್ದೀನಿ, ಅದ್ರಲ್ಲಿ ಮೊದಲ ಎರಡು ವರ್ಷ ತಪ್ಪು ಹ್ಯಾಟೇ ಹಾಕ್ಕೊಂಡು ಓಡಾಡಿದ್ದು, ಹಂಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ. ಮೊದಲೇ ಹೇಳ್ಬಿಡ್ತೀನಿ, ದುಡ್ಡು ಫೆಲ್ಟಿಗೆ ಹಾಕಿ, ಟೈಮು ಅಳತೆಗೆ ಹಾಕಿ. ಬ್ರ್ಯಾಂಡು, ಬಣ್ಣ, ರಿಬ್ಬನ್ನಿಗೆ ಸಿಕ್ಸೋ ಗರಿ ಇವೆಲ್ಲ ಆಮೇಲಿನ ಮಾತು.

ಫೆಲ್ಟ್ ಅಂದ್ರೆ ನೇಯ್ದ ಬಟ್ಟೆ ಅಲ್ಲ. ನಮ್ಮ ಚಳ್ಳಕೆರೆ ಕಡೆ ಕಂಬಳಿ ನೋಡಿದ್ರೆ ಗೊತ್ತಿರುತ್ತೆ, ಕುರಿ ಉಣ್ಣೆ ನೂತು ಮಗ್ಗದಲ್ಲಿ ನೇಯ್ದು ಆಮೇಲೆ ಹುಣಸೆಬೀಜದ ಅಂಬಲಿ ಬಳಿದು ಬಿಗಿ ಮಾಡ್ತಾರೆ. ಫೆಲ್ಟಲ್ಲಿ ನೂಲೂ ಇಲ್ಲ ಮಗ್ಗಾನೂ ಇಲ್ಲ, ಬರೀ ಕೂದಲು ಬಿಸಿನೀರಲ್ಲಿ ಒತ್ತಿ ಒತ್ತಿ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗಿರೋದು. ಆ ಕೂದಲು ಯಾವುದು ಅನ್ನೋದ್ರ ಮೇಲೆ ಎಲ್ಲ ನಿಂತಿದೆ. 40 ಡಾಲರ್‌ದು ಕುರಿ ಉಣ್ಣೆ, ಲೇಬಲ್ ಮೇಲೆ ವುಲ್ ಫೆಲ್ಟ್ ಅಂತ ಇರುತ್ತೆ. 200 ದಾಟಿದ್ದು ಸಾಮಾನ್ಯವಾಗಿ ಮೊಲದ ತುಪ್ಪಳ, ಅದಕ್ಕೆ ಫರ್ ಫೆಲ್ಟ್ ಅಂತಾರೆ. ಇನ್ನೂ ಮೇಲೆ ಹೋದ್ರೆ ಬೀವರ್ ಅನ್ನೋ ನೀರುಪ್ರಾಣಿಯ ತುಪ್ಪಳ, ಅದು ಬೆಣ್ಣೆ ಥರ ಇರುತ್ತೆ, ಬೆಲೇನೂ ಹಂಗೇ ಇರುತ್ತೆ, ಮೊದಲ ಹ್ಯಾಟಿಗೆ ಬೇಡ.

ಮೊಲದ ಚರ್ಮದ ಮೇಲಿನ ಒರಟು ಕೂದಲು ತೆಗೆದುಹಾಕಿ ಅಡಿಯಲ್ಲಿರೋ ಮೆತ್ತನೆ ತುಪ್ಪಳ ಮಾತ್ರ ಇಟ್ಕೋತಾರೆ. ಅದನ್ನ ಗಾಳಿಯಲ್ಲಿ ಹಾರಿಬಿಟ್ಟು, ತೂತು ತೂತಿರೋ ಒಂದು ಶಂಕುವಿನ ಆಕಾರದ ಅಚ್ಚು ತಿರುಗ್ತಿರುತ್ತಲ್ಲ ಅದರ ಮೇಲೆ ಒಳಗಿಂದ ಗಾಳಿ ಎಳೆದು ಕೂರಿಸ್ತಾರೆ, ಬಿಸಿನೀರು ಚಿಮುಕಿಸಿ ತೆಗೆದಾಗ ಅದು ಮುಟ್ಟಿದ್ರೆ ಹರಿಯೋ ಹಂಗಿರೋ ದೊಡ್ಡ ಕುಲಾವಿ, ಕೊನೆಗೆ ಬರೋ ಹ್ಯಾಟಿಗಿಂತ ಎರಡು ಮೂರು ಪಟ್ಟು ದೊಡ್ಡದು. ಅದನ್ನೇ ಬಿಸಿನೀರಲ್ಲಿ ಅದ್ದಿ ಸುತ್ತಿ ಒತ್ತಿ, ಮತ್ತೆ ಅದ್ದಿ ಸುತ್ತಿ ಒತ್ತಿ ಕುಗ್ಗಿಸ್ತಾ ಹೋಗ್ತಾರೆ. ಹಂಗೆ ಕುಗ್ಗಿ ಕುಗ್ಗಿ ದಟ್ಟವಾಗಿರೋದಕ್ಕೇ ಅದು ಇಷ್ಟು ತೆಳ್ಳಗಿದ್ರೂ ಆಕಾರ ಬಿಡಲ್ಲ, ಮಳೆ ಬಿದ್ರೂ ತಡ್ಕೊಳ್ಳುತ್ತೆ. ಅಗ್ಗದ ಉಣ್ಣೆ ಫೆಲ್ಟು ಅಷ್ಟು ದಟ್ಟ ಇರಲ್ಲ, ಅದನ್ನ ನೆಟ್ಟಗೆ ನಿಲ್ಲಿಸೋಕೆ ಗಂಜಿ ಥರದ್ದು ಜಾಸ್ತಿ ಹಾಕಿರ್ತಾರೆ, ಎರಡು ಮಳೆ ಕಂಡ್ರೆ ಅಂಚು ಅಲೆ ಅಲೆ ಆಗುತ್ತೆ, ತಲೆ ಭಾಗ ಕುಗ್ಗಿ ಹಣೆ ಮೇಲೆ ಕೂರುತ್ತೆ. ನನ್ನ ಮೊದಲನೇದು ಇದೇ ಆಗಿದ್ದು.

ಇದೇ ತುಪ್ಪಳ ಹದ ಮಾಡೋಕೆ ಹಿಂದೆ ಪಾದರಸ ಬಳಸ್ತಿದ್ರು. ಅಮೆರಿಕದ ಡ್ಯಾನ್‌ಬರಿ ಅನ್ನೋ ಊರು ಹ್ಯಾಟಿಗೇ ಹೆಸರಾಗಿತ್ತು, ಆ ಪಾದರಸದ ವಿಷದಿಂದ ಅಲ್ಲಿ ಕೆಲಸದವರಿಗೆ ಬರ್ತಿದ್ದ ಕೈ ನಡುಗೋ ಕಾಯಿಲೆಗೆ ಡ್ಯಾನ್‌ಬರಿ ಶೇಕ್ಸ್ ಅಂತಾನೇ ಹೆಸರು ಬಿದ್ದಿತ್ತು, 1941ರಲ್ಲಿ ಅಲ್ಲಿ ಅದನ್ನ ನಿಲ್ಲಿಸಿದ್ರು. ಹಳೇ ಸಾಮಾನಿನ ಅಂಗಡೀಲಿ ಅದಕ್ಕೂ ಮುಂಚಿನ ಹ್ಯಾಟ್ ಸಿಕ್ರೆ ಚಂದ ಇದೆ ಅಂತ ದಿನಾ ಹಾಕೋಕೆ ತಗೋಬೇಡಿ, ನನಗಂತೂ ಅಂಥದ್ದು ಕೈಗೆ ತಗೊಂಡ್ರೆ ಆ ಜನಾನೇ ನೆನಪಾಗ್ತಾರೆ.

ಒಳ್ಳೆ ಫೆಲ್ಟು ಗುರುತಿಸೋದು ನನಗೆ ಹೇಳಿಕೊಟ್ಟಿದ್ದು ಹ್ಯಾಟ್ ಅಂಗಡಿಯವರಲ್ಲ, ನಮ್ಮ ದೊಡ್ಡಪ್ಪ. ಅವರು ಕಂಬಳಿ ವ್ಯಾಪಾರ ಮಾಡಿದೋರು. 2019ರಲ್ಲಿ ಊರಿಗೆ ಹೋದಾಗ ಜಗಲಿ ಮೇಲೆ ಕೂತು ನನ್ನ ಹ್ಯಾಟ್ ಇಸ್ಕೊಂಡ್ರು, ತಲೆಗೆ ಇಟ್ಟುಕೊಳ್ಳಲಿಲ್ಲ, ಅಂಚನ್ನ ಹೆಬ್ಬೆರಳು ತೋರುಬೆರಳ ಮಧ್ಯೆ ಇಟ್ಕೊಂಡು ಒಂದು ಸುತ್ತು ನಿಧಾನಕ್ಕೆ ತಿರುಗಿಸಿದ್ರು, ದಪ್ಪ ಎಲ್ಲಾದ್ರೂ ಹೆಚ್ಚು ಕಮ್ಮಿ ಆಗುತ್ತಾ ಅಂತ. ಆಮೇಲೆ ನೆತ್ತಿ ಭಾಗ ಒಂದ್ಸಲ ಒತ್ತಿ ಬಿಟ್ರು, ಪುಟ್ಟಂತ ವಾಪಸ್ ಬಂತು. ಕೆನ್ನೆಗೆ ಒತ್ತಿ ನೋಡಿ ಬೆರಳು ಒದ್ದೆ ಮಾಡಿ ಒಂದು ಕಡೆ ಉಜ್ಜಿ ಮೂಸಿ "ಇದು ಕುರೀದಲ್ಲ ಕಣೋ" ಅಂದ್ರು. ಬೆರಳು ಒದ್ದೆ ಮಾಡೋದೊಂದು ಬಿಟ್ಟು ಉಳಿದಿದ್ದೆಲ್ಲ ನೀವೂ ಅಂಗಡೀಲಿ ಮಾಡಿ ನೋಡಿ, ಯಾರೂ ಏನೂ ಅನ್ನಲ್ಲ. ಅಂಚು ಒಂದೇ ಸಮ ಇರಬೇಕು, ಕೈಗೆ ರಟ್ಟಿನ ಥರ ಸಿಗಬಾರ್ದು, ಒತ್ತಿದ್ರೆ ಮಡಿಕೆ ಗೆರೆ ಉಳಿಯದೆ ಎದ್ದು ಬರಬೇಕು. ಒಳಗೆ ತಲೆ ಸುತ್ತ ಬರೋ ಪಟ್ಟಿ, ಸ್ವೆಟ್‌ಬ್ಯಾಂಡ್ ಅಂತಾರಲ್ಲ, ಅದು ನಿಜವಾದ ಚರ್ಮದ್ದು ಇದ್ಯಾ, ಹೊಲಿದಿದ್ದಾರಾ ಅಂಟಿಸಿದ್ದಾರಾ ಅಂತ ಪಟ್ಟಿ ಮಗುಚಿ ನೋಡಿ. ಅಂಟಿಸಿದ್ದಾಗಿದ್ರೆ ಬಿಟ್ಟುಬಿಡಿ.

ನೀವು ಆಸ್ಟ್ರೇಲಿಯಾದಲ್ಲೇ ಇರೋದ್ರಿಂದ ಇಟಲಿಯ ಬೋರ್ಸಲಿನೋ ಅಮೆರಿಕದ ಸ್ಟೆಟ್‌ಸನ್ ಅಂತೆಲ್ಲ ಹುಡುಕ್ಕೊಂಡು ಹೋಗೋ ಅಗತ್ಯ ಇಲ್ಲ, ಮೊದಲನೇದು ಅಕೂಬ್ರಾ ತಗೊಳ್ಳಿ. ಆ ಹೆಸರು ಶುರುವಾಗಿದ್ದು 1912ರಲ್ಲಿ, ಕಂಪನಿಯ ಬೇರು ಅದಕ್ಕೂ ಹಿಂದೆ ಹೋಬಾರ್ಟಲ್ಲಿದೆ, 1974ರಿಂದ ನ್ಯೂ ಸೌತ್ ವೇಲ್ಸಿನ ಕೆಂಪ್ಸಿ ಊರಲ್ಲಿ ಮಾಡ್ತಾರೆ. ಇಲ್ಲಿನ ಸೈನಿಕರು ಒಂದು ಬದಿ ಅಂಚು ಮೇಲೆತ್ತಿ ಹಾಕ್ತಾರಲ್ಲ ಸ್ಲೌಚ್ ಹ್ಯಾಟು, ಅದನ್ನೂ ಇವರು ಮಾಡಿಕೊಟ್ಟಿದ್ದಾರೆ. ಮೊಲದ ಕತೆ ನಿಮಗೆ ಗೊತ್ತಿರಬಹುದು, 1859ರಲ್ಲಿ ನಮ್ಮದೇ ವಿಕ್ಟೋರಿಯಾದ ವಿಂಚೆಲ್ಸಿ ಹತ್ರ ಥಾಮಸ್ ಆಸ್ಟಿನ್ ಅನ್ನೋನು ಬೇಟೆಗೆ ಅಂತ ಇಂಗ್ಲೆಂಡಿಂದ ತರಿಸಿ ಬಿಟ್ಟ ಬೆರಳೆಣಿಕೆಯಷ್ಟು ಮೊಲ ಇಡೀ ಖಂಡಕ್ಕೆ ಪಿಡುಗಾಗಿ ಹಬ್ಬಿತು, ಬೆಳೆ ಹುಲ್ಲು ಎಲ್ಲ ತಿಂದು ಹಾಕಿತು. ಹ್ಯಾಟಿನವರಿಗೆ ತುಪ್ಪಳ ಬಾಗಿಲಿಗೇ ಬಂದ ಹಾಗಾಯ್ತು.

ಇಲ್ಲಿ ಒಂದು ಮಾತು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಾಂಸ ಮುಟ್ಟಲ್ಲ, ಮೊಲದ ತುಪ್ಪಳ ಅಂದ ತಕ್ಷಣ ಮನಸ್ಸು ಹಿಂಜರಿಯುತ್ತೆ, ನನ್ನ ಹೆಂಡತಿಗೂ ಹಂಗೇ ಆಗಿತ್ತು. ನಿಮಗೂ ಹಂಗನಿಸಿದ್ರೆ ಒತ್ತಾಯ ಮಾಡ್ಕೋಬೇಡಿ, ಒಳ್ಳೆ ಉಣ್ಣೆ ಫೆಲ್ಟ್ ನೋಡಿ, ಸ್ವಲ್ಪ ದಪ್ಪಂದು ತಗೊಳ್ಳಿ, ಮಳೇಲಿ ಕೊಡೆ ಹಿಡೀರಿ, ಮೂರು ನಾಲ್ಕು ವರ್ಷಕ್ಕೆ ಬದಲಾಯಿಸಬೇಕಾಗುತ್ತೆ ಅಂತ ಗೊತ್ತಿದ್ದೇ ತಗೊಳ್ಳಿ. ಮನಸ್ಸಿಗೆ ಒಪ್ಪದ ಹ್ಯಾಟು ಬೀರು ಮೇಲೇ ಉಳಿಯುತ್ತೆ.

ಈಗ ಅಳತೆ. ದರ್ಜಿ ಟೇಪ್ ತಗೊಂಡು ಹುಬ್ಬಿಗಿಂತ ಒಂದು ಬೆರಳು ಮೇಲೆ, ಕಿವಿಗೆ ತಾಗದ ಹಾಗೆ, ಹಿಂದೆ ತಲೆಬುರುಡೆ ಉಬ್ಬಿರೋ ಕಡೆ ಹಾದು ಬರೋ ಥರ ಸುತ್ತಿ, ಬಿಗಿ ಎಳೀಬೇಡಿ, ಮೂರು ಸಲ ಅಳೆದು ನೋಡಿ. ನನ್ನದು 58 ಸೆಂಟಿಮೀಟರ್, ಅಮೆರಿಕದ ಲೆಕ್ಕದಲ್ಲಿ ಅದು ಏಳೂಕಾಲು. ಮೊದಲನೇದು 57 ತಗೊಂಡಿದ್ದೆ, ಅಂಗಡಿಯವರು ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಅಂದ್ರು ನಾನೂ ನಂಬಿದೆ. ಆಗಲಿಲ್ಲ. ಟ್ರಾಮಲ್ಲಿ ಇಪ್ಪತ್ತು ನಿಮಿಷ ಆದ್ರೆ ಎರಡೂ ಕಣತಲೆ ಹಿಡ್ಕೊಂಡು ನೋವು ಶುರು, ಆಫೀಸಿಗೆ ಹೋಗಿ ತೆಗೆದ್ರೆ ಹಣೆ ಮೇಲೆ ಕುಂಕುಮ ಎಳೆದ ಹಾಗೆ ಕೆಂಪು ಗೆರೆ. ಎರಡು ಸೈಜಿನ ಮಧ್ಯೆ ಬಂದ್ರೆ ದೊಡ್ಡದೇ ತಗೊಳ್ಳಿ, ಸಡಿಲ ಇದ್ರೆ ಸ್ವೆಟ್‌ಬ್ಯಾಂಡ್ ಹಿಂದೆ ತೆಳ್ಳಗಿನ ಫೋಮ್ ಪಟ್ಟಿ ತೂರಿಸಿದ್ರೆ ಸರಿಹೋಗುತ್ತೆ, ಚಿಕ್ಕದ್ದನ್ನ ದೊಡ್ಡದು ಮಾಡೋದು ಕಷ್ಟ. ಸುತ್ತಳತೆ ಸರಿ ಇದ್ದೂ ಹಣೆಗೆ ಒತ್ತಿ ಎರಡು ಪಕ್ಕ ಸಂದಿ ಬಿಡ್ತಿದ್ರೆ ನಿಮ್ಮ ತಲೆ ಉದ್ದ ಮೊಟ್ಟೆ ಆಕಾರದ್ದು ಅಂತ ಅರ್ಥ, ಗಾಬರಿ ಬೇಡ, ಅಂಗಡಿಯವರಿಗೆ ಹೇಳಿದ್ರೆ ಆವಿ ಹಿಡಿದು ಅಂಚಿನ ಬುಡ ನಿಮ್ಮ ತಲೆಗೆ ಕೂರೋ ಹಾಗೆ ತಿದ್ದಿಕೊಡ್ತಾರೆ. ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ ಕೆಳಗೆ ಸಿಟಿ ಹ್ಯಾಟರ್ಸ್ ಅಂತ 1910ರಿಂದ ಇರೋ ಅಂಗಡಿ ಇದೆ, ಕೊಳ್ಳದಿದ್ರೂ ಪರವಾಗಿಲ್ಲ, ಒಂದ್ಸಲ ಹೋಗಿ ಹತ್ತು ಹ್ಯಾಟ್ ತಲೆಗಿಟ್ಟು ನೋಡಿ.

ದುಂಡು ಮುಖದ ಬಗ್ಗೆ ಕೇಳಿದ್ರಿ. ಒಪ್ಪುತ್ತೆ, ಚೆನ್ನಾಗೇ ಒಪ್ಪುತ್ತೆ, ನೆತ್ತಿ ಭಾಗ, ಕ್ರೌನ್ ಅಂತಾರಲ್ಲ, ಅದು ಸ್ವಲ್ಪ ಎತ್ತರ ಇರೋದು ತಗೊಳ್ಳಿ ಅಷ್ಟೇ. ಕ್ರೌನ್ ಗಿಡ್ಡ ಇದ್ದು ಅಂಚು ಗಿಡ್ಡ ಇದ್ರೆ ಅದು ಟ್ರಿಲ್ಬಿ, ಫೆಡೋರಾ ಅಲ್ಲ, ದುಂಡು ಮುಖದ ಮೇಲೆ ಅದು ಮುಚ್ಚಳ ಇಟ್ಟ ಹಾಗೆ ಕಾಣುತ್ತೆ. ಎರಡೂವರೆ ಇಂಚಿನ ಆಸುಪಾಸು ಅಂಚು ಇದ್ರೆ ಸಾಕು. ಅಕೂಬ್ರಾದಲ್ಲಿ ಸ್ಟೈಲ್‌ಮಾಸ್ಟರ್ ಅಂತ ಪೇಟೆಗೆ ಹೇಳಿ ಮಾಡಿಸಿದ್ದು ಒಂದಿದೆ, ಫೆಡರೇಷನ್ ಅಂತ ಎತ್ತರದ ಕ್ರೌನ್ ಅಗಲ ಅಂಚಿಂದು ಇನ್ನೊಂದಿದೆ, ಎರಡೂ ಹಾಕಿ ನೋಡಿ, ನಿಮಗೆ ಎರಡನೇದು ಒಪ್ಪುತ್ತೆ ಅಂತ ನನ್ನ ಊಹೆ. ನಿಮ್ಮ ಮುಖ ಮಾತ್ರ ಕಾಣೋ ಚಿಕ್ಕ ಕನ್ನಡಿ ನಂಬಬೇಡಿ, ಉದ್ದ ಕನ್ನಡಿ ಮುಂದೆ ದೂರ ನಿಂತು ಭುಜದ ಸಮೇತ ನೋಡಿ. ಬಣ್ಣ, ನಮ್ಮ ಮೈಬಣ್ಣಕ್ಕೆ ಕಂದು, ಬೂದಿ, ಕಪ್ಪು ಮಿಶ್ರಿತ ನೀಲಿ ಎಲ್ಲ ಚೆನ್ನಾಗಿರುತ್ತೆ, ಬರೀ ಕಪ್ಪು ಮೊದಲನೇದಕ್ಕೆ ಬೇಡ, ಧೂಳು ಎದ್ದು ಕಾಣುತ್ತೆ.

ಇದನ್ನ ಬೇಸಿಗೆ ಬಿಸಿಲಿಗೂ ಆಗುತ್ತೆ ಅಂದ್ಕೋಬೇಡಿ. ಬಿಸಿಲಿಗೆ ಅಂಚು ಕಡೇಪಕ್ಷ ಏಳೂವರೆ ಸೆಂಟಿಮೀಟರ್ ಇರಲಿ ಅಂತ ಇಲ್ಲಿನ ಕ್ಯಾನ್ಸರ್ ಕೌನ್ಸಿಲ್ ಹೇಳುತ್ತೆ, ಮಾಮೂಲಿ ಫೆಡೋರಾ ಅಷ್ಟು ಬರಲ್ಲ, ಮೇಲಾಗಿ ಸೆಕೆ. ಡಿಸೆಂಬರ್ ಬಂದ್ರೆ ಅದನ್ನ ಡಬ್ಬಿಗಿಟ್ಟು ಹುಲ್ಲಿನ ಹ್ಯಾಟ್ ತೆಗೀರಿ.

ಹಾಕೋ ರೀತಿ ಅಂದ್ರೆ, ಒಳಗೆ ಸ್ವೆಟ್‌ಬ್ಯಾಂಡ್ ಸೇರೋ ಕಡೆ ಒಂದು ಪುಟ್ಟ ಗಂಟು ಇರುತ್ತೆ, ಅದು ಹಿಂದಕ್ಕೆ. ಹೊರಗಿನ ರಿಬ್ಬನ್ ಗಂಟು ಎಡಗಡೆಗೆ ಬರುತ್ತೆ. ಅಂಚು ಮುಂದೆ ಸ್ವಲ್ಪ ಕೆಳಗೆ ಹಿಂದೆ ಸ್ವಲ್ಪ ಮೇಲೆ, ಇದು ಕೈಯಲ್ಲೇ ಬಗ್ಗುತ್ತೆ. ಹುಬ್ಬಿನ ಮೇಲೆ ಒಂದು ಬೆರಳು ಜಾಗ ಬಿಟ್ಟು ಕೂರಲಿ, ಹಿಂದಕ್ಕೆ ತಳ್ಳಿ ನೆತ್ತಿ ಮೇಲೆ ಇಟ್ರೆ ಯಾರದ್ದೋ ಹ್ಯಾಟ್ ಎರವಲು ತಂದ ಹಾಗಿರುತ್ತೆ, ಈ ಊರಿನ ಗಾಳಿಗೆ ಹಾರೂ ಹೋಗುತ್ತೆ. ತೆಗೆಯುವಾಗ ಎಲ್ರೂ ಮಾಡೋ ತಪ್ಪು ಮುಂದಿನ ಚಿವುಟಿದ ಜಾಗ ಹಿಡಿದು ಎತ್ತೋದು. ಬೆರಳಿನ ಎಣ್ಣೆ ಅಲ್ಲೇ ಕೂರುತ್ತೆ, ಮಡಿಕೆ ಸವೆದು ಒಂದಿನ ಅಲ್ಲೇ ತೂತು ಬೀಳುತ್ತೆ. ಮುಂದೆ ಹಿಂದೆ ಅಂಚು ಹಿಡಿದು ಎರಡೂ ಕೈಯಲ್ಲಿ ತೆಗೀರಿ, ಮೇಜಿನ ಮೇಲೆ ಇಡುವಾಗ ಬೋರಲು ಅಲ್ಲ, ನೆತ್ತಿ ಕೆಳಗೆ ಮಾಡಿ ಇಡಿ. ಊಟಕ್ಕೆ ಕೂತಾಗ, ಮಾಜಿ ಸೈನಿಕರ ಆರ್‌ಎಸ್‌ಎಲ್ ಕ್ಲಬ್ ಒಳಗೆ, ಯುದ್ಧದಲ್ಲಿ ಸತ್ತ ಸೈನಿಕರನ್ನ ನೆನೆಯೋ ಆನ್‌ಜಾಕ್ ದಿನ ಮೌನ ನಿಂತಾಗ ತೆಗೀಲೇಬೇಕು, ಇಲ್ಲಿನ ಜನ ಅದನ್ನ ಮನಸ್ಸಿಗೆ ಹಚ್ಕೋತಾರೆ. ನಮ್ಮ ಮೈಸೂರು ಪೇಟ ತಲೆ ಮೇಲಿದ್ರೆ ಗೌರವ, ಇದು ಕೈಗೆ ಬಂದ್ರೆ ಗೌರವ.

ಇನ್ನು ನೋಡ್ಕೊಳ್ಳೋದು. ಶಾಖ ಅಂದ್ರೆ ಇದಕ್ಕೆ ಶತ್ರು. ಒಂದು ಜನವರಿ ಭಾನುವಾರ ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನಕ್ಕೆ ಹೋದಾಗ ಹ್ಯಾಟ್ ಕಾರಿನ ಹಿಂದಿನ ಗಾಜಿನ ಹತ್ರ ಇಟ್ಟು ಹೋಗಿದ್ದೆ, ಪೂಜೆ ಮುಗಿಸಿ ಊಟ ಮಾಡಿ ಎರಡೂವರೆ ಗಂಟೆ ಬಿಟ್ಟು ಬಂದು ತಲೆಗಿಟ್ರೆ ಕೂರ್ತಾನೇ ಇಲ್ಲ. ಒಳಗಿನ ಚರ್ಮದ ಪಟ್ಟಿ ಕುಗ್ಗಿ ಸುಕ್ಕಾಗಿ ಫೆಲ್ಟನ್ನೂ ಎಳ್ಕೊಂಡುಬಿಟ್ಟಿತ್ತು. ಅಂಗಡಿಯವರು ಹ್ಯಾಟ್ ಹಿಗ್ಗಿಸೋ ಮರದ ಸ್ಟ್ರೆಚರ್ ಒಳಗೆ ಹಾಕಿ ಎರಡು ದಿನ ಇಟ್ಟು ಕೊಟ್ರು, ಅರ್ಧ ಸೈಜು ವಾಪಸ್ ಬಂತು, ಪೂರ್ತಿ ಬರಲಿಲ್ಲ, ಈಗ ಅದು ನನ್ನ ಮಗನ ತಲೇಲಿದೆ. ಮಳೇಲಿ ನೆನೆದ್ರೂ ಹಂಗೇ, ಹೀಟರ್ ಮುಂದೆ ಹೇರ್ ಡ್ರೈಯರ್ ಮುಂದೆ ಹಿಡೀಬೇಡಿ, ನೀರು ಕೊಡವಿ ಒಳಗಿನ ಪಟ್ಟಿ ಹೊರಕ್ಕೆ ಮಗುಚಿ ಅದರ ಮೇಲೇ ಹ್ಯಾಟ್ ನಿಲ್ಲಿಸಿ ನೆರಳಲ್ಲಿ ಒಂದಿನ ಬಿಟ್ಬಿಡಿ. ಆಕಾರ ಸ್ವಲ್ಪ ಕೆಟ್ರೆ ಕೆಟಲ್ ಆವಿ ದೂರದಿಂದ ಹಿಡಿದು ಕೈಯಲ್ಲಿ ತಿದ್ದಿ.

ಎರಡನೇ ಶತ್ರು ಕೊಬ್ಬರಿ ಎಣ್ಣೆ, ಇದನ್ನ ಇಲ್ಲಿನವರು ಯಾರೂ ಹೇಳಲ್ಲ ಯಾಕಂದ್ರೆ ಅವರು ಹಚ್ಚಲ್ಲ. ತಲೆಗೆ ಎಣ್ಣೆ ಹಚ್ಚಿದ ದಿನ ಹ್ಯಾಟ್ ಮುಟ್ಟಬೇಡಿ. ಪಟ್ಟಿ ದಾಟಿ ಫೆಲ್ಟಿಗೆ ಇಳಿದು ರಿಬ್ಬನ್ ಪಕ್ಕ ಕಪ್ಪಗೆ ಹರಡ್ಕೊಳ್ಳುತ್ತೆ. ಇಳಿದೇಬಿಟ್ಟಿದ್ರೆ, ತಿಳಿ ಬಣ್ಣದ ಹ್ಯಾಟಾದ್ರೆ ಮುಲ್ತಾನಿ ಮಿಟ್ಟಿ ಪುಡಿ ಒಣಗಿದ್ದನ್ನೇ ಕಲೆ ಮೇಲೆ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಷ್ ಮಾಡಿ, ನೀರು ಸೋಕಿಸಬೇಡಿ, ಎರಡು ಮೂರು ಸಲ ಮಾಡಿದ್ರೆ ಎಷ್ಟೋ ಹೀರ್ಕೊಳ್ಳುತ್ತೆ. ಹ್ಯಾಟ್ ಮಾಡೋರೂ ಜಿಡ್ಡು ತೆಗೆಯೋಕೆ ಇದೇ ಜಾತಿ ಮಣ್ಣು ಬಳಸ್ತಿದ್ರು. ಬ್ರಷ್ ಮೆತ್ತನೆ ಕೂದಲಿಂದು ಇರಲಿ, ದಿನಾ ಸಂಜೆ ಒಂದು ನಿಮಿಷ ಸಾಕು, ಪ್ರದಕ್ಷಿಣೆ ಹಾಕೋ ದಿಕ್ಕಿಗೆ ಉಲ್ಟಾ ಸುತ್ತು ಹೋಗಿ, ಸಾಮಾನ್ಯವಾಗಿ ತುಪ್ಪಳ ಮಲಗಿರೋದು ಆ ಕಡೆಗೇ. ಬೇಸಿಗೇಲಿ ಎತ್ತಿಡುವಾಗ ನುಸಿ ತಿನ್ನದ ಹಾಗೆ ಡಬ್ಬಿಗೆ ಎರಡು ನುಸಿಗುಳಿಗೆ ಹಾಕಿಡಿ, ನಮ್ಮಮ್ಮ ರೇಷ್ಮೆ ಸೀರೆ ಪೆಟ್ಟಿಗೆಗೆ ಹಾಕ್ತಿದ್ದಂಥದ್ದೇ, ಬಟ್ಟೇಲಿ ಕಟ್ಟಿ ಹಾಕಿ, ಫೆಲ್ಟಿಗೆ ತಾಗಬಾರ್ದು.

ಶನಿವಾರ ಹೋಗಬೇಡಿ, ಅಂಗಡಿ ತುಂಬ ಜನ ಇರ್ತಾರೆ, ವಾರದ ಮಧ್ಯೆ ಬೆಳಿಗ್ಗೆ ಹೋಗಿ. ಇಷ್ಟ ಆಗಿದ್ದನ್ನ ತಲೆಗಿಟ್ಕೊಂಡು ಅಂಗಡಿಯಲ್ಲೇ ಕಾಲು ಗಂಟೆ ಬೇರೆ ಹ್ಯಾಟ್ ನೋಡ್ತಾ ಓಡಾಡಿ, ತಲೆ ಬಗ್ಗಿಸಿ ನೋಡಿ, ಬೇಡ ಬೇಡ ಅನ್ನೋ ಹಾಗೆ ಆ ಕಡೆ ಈ ಕಡೆ ತಲೆ ಆಡಿಸಿ ನೋಡಿ. ಆಮೇಲೆ ತೆಗೆದು ಕನ್ನಡಿಯಲ್ಲಿ ಹಣೆ ನೋಡ್ಕೊಳ್ಳಿ. ತೆಳ್ಳಗೆ ಗುರುತು ಇದ್ದು ಎರಡು ನಿಮಿಷಕ್ಕೆ ಮಾಯವಾದ್ರೆ ದುಡ್ಡು ಕೊಡಿ, ಕೆಂಪು ಗೆರೆ ಹಂಗೇ ನಿಂತಿದ್ರೆ ಮುಂದಿನ ಸೈಜು ಕೇಳಿ.